ಸಿಕ್ಕು ಶುರುವಾಗುವುದು ಕತ್ತಿನ ಹತ್ತಿರ: ಉದ್ದ ಜಡೆಯವರು ಸ್ಕೀ ಮಾಡುವಾಗ

ನನ್ನ ಜಡೆ ಸೊಂಟ ದಾಟಿ ನಾಲ್ಕು ಬೆರಳು ಕೆಳಗಿದೆ. ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಹನ್ನೊಂದು ವರ್ಷದಿಂದ ಇರುವುದು ಅಮೆರಿಕದ ಡೆನ್ವರ್‌ನಲ್ಲಿ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ತಿಂಗಳಲ್ಲಿ ಎರಡು ಶನಿವಾರವಾದರೂ ನಾನೂ ಮಗಳೂ ಸ್ಕೀ ಮಾಡುತ್ತೇವೆ, ಅಂದರೆ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುತ್ತೇವೆ. ಅವಳಿಗೆ ಒಂಬತ್ತು ವರ್ಷ, ಅವಳ ಕೂದಲೂ ಬೆನ್ನಿನ ನಡುವಿನವರೆಗೆ ಬರುತ್ತದೆ. ಇಲ್ಲಿನ ಕನ್ನಡದ ಗೆಳತಿಯರಲ್ಲಿ ಇಬ್ಬರು ಸ್ಕೀ ಕಲಿಯಬೇಕು ಅಂತ ನಿರ್ಧಾರ ಮಾಡಿದ ವಾರವೇ ಹೋಗಿ ಕೂದಲು ಕತ್ತರಿಸಿಕೊಂಡು ಬಂದರು. ಇಷ್ಟಪಟ್ಟು ಕತ್ತರಿಸಿಕೊಂಡರೆ ನನ್ನದೇನೂ ಮಾತಿಲ್ಲ. ಆದರೆ ಸಿಕ್ಕಿಗೆ ಹೆದರಿ ಯಾರೂ ಕತ್ತರಿಸಿಕೊಳ್ಳಬೇಕಾಗಿಲ್ಲ. ಏಳು ಚಳಿಗಾಲ ಮಾಡಿ ನೋಡಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲನೇ ವರ್ಷ ನನಗೂ ಏನೂ ಗೊತ್ತಿರಲಿಲ್ಲ. ದಿನಾ ಹಾಕುವ ಹಾಗೇ ಬೆನ್ನ ಮೇಲೆ ಒಂದು ಜಡೆ, ಅದರ ಮೇಲೆ ಬಾಡಿಗೆ ಹೆಲ್ಮೆಟ್, ಕತ್ತಿಗೆ ಉಣ್ಣೆಯ ಪಟ್ಟಿ. ಸಂಜೆ ಮನೆಗೆ ಬಂದು ಜಡೆ ಬಿಚ್ಚಿದರೆ ಸೊಂಟದ ಹತ್ತಿರದ ಕೂದಲು ನುಣ್ಣಗೆ ಹಾಗೇ ಇತ್ತು. ಕತ್ತಿನ ಹಿಂದೆ, ಕೂದಲು ಹುಟ್ಟುವ ಗೆರೆಯಿಂದ ಎರಡು ಅಂಗುಲ ಮೇಲೆ, ದೊಡ್ಡ ನಿಂಬೆಹಣ್ಣಿನಷ್ಟು ಗಂಟು. ಕೈಗೆ ಕಂಬಳಿಯ ತುಂಡು ಮುಟ್ಟಿದ ಹಾಗಿತ್ತು. ಬಚ್ಚಲಿನಲ್ಲಿ ಕೂತು ಎರಡೂವರೆ ಗಂಟೆ ಬಿಡಿಸಿದೆ. ಕೊನೆಗೆ ಕಿರುಬೆರಳಿನ ದಪ್ಪದಷ್ಟನ್ನು ಕತ್ತರಿಸಲೇಬೇಕಾಯಿತು. ಅವತ್ತು ತಿಳಿದದ್ದೇ ಈ ಬರಹದ ಮುಖ್ಯ ಮಾತು: ಗಾಳಿಗೆ ಹಾರುವ ತುದಿಯ ಕೂದಲನ್ನು ಎಲ್ಲರೂ ಕಾಯುತ್ತಾರೆ, ಸಿಕ್ಕು ಕಟ್ಟುವುದು ಮಾತ್ರ ಕತ್ತಿನಲ್ಲಿ. ಕತ್ತಿನ ಹಿಂದಿನ ಅಂಗೈಯಗಲ ಜಾಗ ಕಾಯ್ದುಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

ಅಲ್ಲಿ ಏನಾಗುತ್ತದೆ

ಒಂದೊಂದು ಕೂದಲ ಮೇಲೂ ಸೂಕ್ಷ್ಮವಾದ ಪೊರೆಗಳಿರುತ್ತವೆ. ನಮ್ಮೂರಿನ ಮನೆಯ ಮಾಡಿನ ಮೇಲೆ ಹಂಚು ಒಂದರ ಮೇಲೊಂದು ಕೂತಿರುವ ಹಾಗೆ, ಬುಡದಿಂದ ತುದಿಯ ಕಡೆಗೆ ಇಳಿಜಾರಾಗಿ. ಬುಡದಿಂದ ತುದಿಗೆ ಕೈಯಾಡಿಸಿದರೆ ಜಾರುತ್ತದೆ, ತುದಿಯಿಂದ ಬುಡಕ್ಕೆ ಎಳೆದರೆ ತಡೆಯುತ್ತದೆ. ಎರಡು ಬೆರಳಲ್ಲಿ ಒಂದೇ ಕೂದಲು ಹಿಡಿದು ಎಳೆದು ನೋಡಿ, ನಿಮಗೇ ಗೊತ್ತಾಗುತ್ತದೆ. ಕೂದಲು ಒದ್ದೆಯಾಗಿ, ಬೆಚ್ಚಗಾಗಿ, ಎಲ್ಲ ದಿಕ್ಕಿಗೂ ಉಜ್ಜಿಸಿಕೊಂಡರೆ ಈ ಪೊರೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಕುರಿಯ ಉಣ್ಣೆಯನ್ನು ಬಿಸಿನೀರಿನಲ್ಲಿ ತಿಕ್ಕಿದರೆ ಗಟ್ಟಿಯಾಗಿ ಮುದ್ದೆಗಟ್ಟುವುದೂ ಇದೇ ರೀತಿ.

ಸ್ಕೀ ಮಾಡುವಾಗ ಕತ್ತಿನ ಹಿಂದೆ ಯಾವ ಯಾವ ವಸ್ತು ಸೇರುತ್ತವೆ ಅಂತ ಲೆಕ್ಕ ಹಾಕಿ. ಹೆಲ್ಮೆಟ್ಟಿನ ಕೆಳ ಅಂಚು, ಅದನ್ನು ಬಿಗಿ ಮಾಡುವ ಪುಟ್ಟ ಚಕ್ರ, ಜಾಕೆಟ್ಟಿನ ಎತ್ತರದ ಕಾಲರ್, ಕತ್ತುಪಟ್ಟಿ, ಜೊತೆಗೆ ಬೆವರು. ಪ್ರತಿ ತಿರುವಿನಲ್ಲೂ ತಲೆ ಎಡಕ್ಕೆ ಬಲಕ್ಕೆ ತಿರುಗುತ್ತದೆ. ಮೇಲಿನಿಂದ ಯಾರಾದರೂ ಬರುತ್ತಿದ್ದಾರಾ ಅಂತ ಹಿಂತಿರುಗಿ ನೋಡುತ್ತೇವೆ. ಒಂದು ದಿನಕ್ಕೆ ಸಾವಿರ ಸಲವಾದರೂ ಆ ಜಾಗ ಉಜ್ಜಿಸಿಕೊಳ್ಳುತ್ತದೆ. ಅಲ್ಲಿರುವುದಾದರೂ ಎಂಥ ಕೂದಲು? ತಲೆಯಲ್ಲೇ ಅತಿ ನವಿರಾದ, ಗಿಡ್ಡ, ಜಡೆಯ ಹಿಡಿತಕ್ಕೆ ಸಿಗದ ಮರಿಗೂದಲು.

ಇದಕ್ಕೆ ಒಣಹವೆಯನ್ನೂ ಸೇರಿಸಿಕೊಳ್ಳಿ. ನಾವು ಹೆಚ್ಚಾಗಿ ಹೋಗುವುದು ಲವ್‌ಲ್ಯಾಂಡ್ ಎಂಬ ಸ್ಕೀ ತಾಣಕ್ಕೆ. ಡೆನ್ವರ್‌ನಿಂದ ಪಶ್ಚಿಮಕ್ಕೆ ಒಂದೂಕಾಲು ಗಂಟೆ ದಾರಿ, ಐಸೆನ್‌ಹೋವರ್ ಸುರಂಗದ ಬಾಯಿಯಲ್ಲೇ ಇದೆ. ಅದರ ಬುಡವೇ 10,800 ಅಡಿ ಎತ್ತರದಲ್ಲಿದೆ, ತುದಿ 13,010 ಅಡಿ. ಕಾರು ನಿಲ್ಲಿಸುವ ಜಾಗವೇ ನಮ್ಮ ಮುಳ್ಳಯ್ಯನಗಿರಿಗಿಂತ ಒಂದೂಕಾಲು ಕಿಲೋಮೀಟರಿಗೂ ಹೆಚ್ಚು ಎತ್ತರ. ತಣ್ಣನೆಯ ಗಾಳಿ ನೀರಿನಂಶ ಹೊರಲಾರದು. ಮೈನಸ್ 10 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಡಬಲ್ಲದ್ದು ಎರಡು ಗ್ರಾಂ ಚಿಲ್ಲರೆ ನೀರಾವಿ. 20 ಡಿಗ್ರಿಯ ಗಾಳಿ ಸುಮಾರು 17 ಗ್ರಾಂ ಹಿಡಿದಿಡಬಲ್ಲದು. ಆ ತಣ್ಣನೆಯ ಗಾಳಿಯನ್ನೇ ಹೀಟರಿನಲ್ಲಿ ಬಿಸಿ ಮಾಡಿ ಮನೆಯೊಳಗೆ, ಕಾರಿನೊಳಗೆ ಬಿಟ್ಟಾಗ ಅದು ಎಷ್ಟು ಒಣಗಿರುತ್ತದೆ ಅಂತ ಊಹಿಸಿ. ಟೋಪಿ ತೆಗೆದ ಕೂಡಲೇ ಕೂದಲು ಚಟಪಟ ಅಂತ ಸದ್ದು ಮಾಡಿ ಮುಖಕ್ಕೆ ಅಂಟಿಕೊಳ್ಳುವುದು ಇದಕ್ಕೇ. ಸಾಗರದ ಮಳೆಗಾಲದಲ್ಲಿ ಬೆಳೆದ ಕೂದಲಿಗೆ ಇದು ಬೇರೆಯೇ ಲೋಕ.

ಹಿಂದಿನ ರಾತ್ರಿ

ಸ್ಕೀಗೆ ಹೋಗುವ ದಿನ ಬೆಳಿಗ್ಗೆ ತಲೆಸ್ನಾನ ಮಾಡಬೇಡಿ. ಒಣಗಿದೆ ಅಂದುಕೊಂಡ ದಟ್ಟ ಕೂದಲಿನ ಒಳಗೆ ಪಸೆ ಇದ್ದೇ ಇರುತ್ತದೆ, ಮೇಲೆ ಹೋದಾಗ ಅದೇ ಹೆಪ್ಪುಗಟ್ಟುತ್ತದೆ. ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡರೆ ಶನಿವಾರಕ್ಕೆ ಸರಿಹೋಗುತ್ತದೆ. ಒಂದು ದಿನ ಹಳೆಯದಾದ ಕೂದಲು ಜಡೆಯಲ್ಲಿ ಚೆನ್ನಾಗಿ ಕೂರುತ್ತದೆ, ಜಾರುವುದಿಲ್ಲ.

ರಾತ್ರಿ ಕೊಬ್ಬರಿ ಎಣ್ಣೆ. ಇದರಲ್ಲಿ ನಾನು ಬೇರೆ ಯಾರ ಮಾತಿಗೂ ಒಪ್ಪುವವಳಲ್ಲ. 2003ರಲ್ಲಿ ರೇಲೆ ಮತ್ತು ಮೊಹಿಲೆ ಎಂಬ ಭಾರತದ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಕೂದಲ ಮೇಲೆ ಹೋಲಿಸಿ ನೋಡಿದ್ದರು. ಕೂದಲಿನಿಂದ ಪ್ರೋಟೀನ್ ನಷ್ಟವಾಗುವುದನ್ನು ಸ್ಪಷ್ಟವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರಲ್ಲಿರುವ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರವಾದದ್ದು, ಹಾಗಾಗಿ ಕೂದಲ ಒಳಗೆ ಇಳಿಯುತ್ತದೆ ಅನ್ನುವುದು ಅವರ ವಿವರಣೆ.

ಆದರೆ ಊರಿನಲ್ಲಿ ಹಚ್ಚುವ ಹಾಗೆ ನೆತ್ತಿಯಿಂದ ಇಳಿಯುವಷ್ಟು ಹಚ್ಚಿದರೆ ಇಲ್ಲಿ ಕೆಲಸ ಕೆಡುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಅಡುಗೆಮನೆಯಲ್ಲಿ ನವೆಂಬರ್ ಬಂದರೆ ಬಾಟಲಿ ಪೂರ್ತಿ ಬೆಳ್ಳಗೆ, ತುಪ್ಪದ ಹಾಗೆ. ಬೆಟ್ಟದ ಚಳಿಯಲ್ಲಿ ಹೆಚ್ಚಾದ ಎಣ್ಣೆ ಕೂದಲ ಮೇಲೆ ಮೇಣದ ಹಾಗೆ ಗಟ್ಟಿಯಾಗಿ ಕೂತು ಕೂದಲು ಬಿರುಸಾಗುತ್ತದೆ, ಹೆಲ್ಮೆಟ್ಟಿನ ಒಳಬಟ್ಟೆಯೂ ಜಿಡ್ಡಾಗುತ್ತದೆ. ಸೊಂಟದುದ್ದದ ಕೂದಲಿಗೆ ಒಂದು ಟೀ ಚಮಚ ಸಾಕು. ಚಮಚದ ಹಿಂಬದಿಯಿಂದ ಕೆರೆದು ತೆಗೆದು, ಎರಡೂ ಅಂಗೈ ನಡುವೆ ತಿಕ್ಕಿ ಕರಗಿಸಿ, ಕಿವಿಯ ಮಟ್ಟದಿಂದ ಕೆಳಗೆ ಮಾತ್ರ ಸವರಬೇಕು. ಕೈಯಲ್ಲಿ ಉಳಿದ ಪಸೆಯನ್ನು ಕತ್ತಿನ ಮರಿಗೂದಲಿಗೆ ಕೆಳಮುಖವಾಗಿ ಒಂದೇ ಸಲ. ಆಮೇಲೆ ಸಿಕ್ಕು ಹಣಿಗೆಯಿಂದ ಬಾಚಿ, ಸಡಿಲವಾಗಿ ಒಂದು ಜಡೆ ಹೆಣೆದು ಮಲಗಬೇಕು. ಬೆಳಿಗ್ಗೆ ಐದು ಗಂಟೆಗೆ ಎದ್ದಾಗ ಸಿಕ್ಕಿಲ್ಲದ ಕೂದಲು ಕೈಗೆ ಸಿಗುತ್ತದೆ. ಸಿಕ್ಕಿನ ಮೇಲೇ ಜಡೆ ಹೆಣೆದು ಹೊರಟರೆ ಸಂಜೆಗೆ ಅದು ಇಮ್ಮಡಿಯಾಗಿರುತ್ತದೆ.

ಎರಡು ಜಡೆ

ನಾವು ಶಾಲೆಗೆ ಹೋಗುವಾಗ ಎರಡು ಜಡೆ ಹಾಕಿ, ಮೇಲಕ್ಕೆ ಮಡಿಚಿ, ಟೇಪು ಕಟ್ಟುತ್ತಿದ್ದೆವಲ್ಲ, ಸ್ಕೀ ಮಾಡಲು ಅದಕ್ಕಿಂತ ಒಳ್ಳೆಯ ಜಡೆ ನನಗೆ ಸಿಕ್ಕಿಲ್ಲ. ಒಂದು ಜಡೆ, ನಾಲ್ಕು ಕಾಲಿನ ಜಡೆ, ತುರುಬು, ತಲೆಯ ಸುತ್ತ ಸುತ್ತಿದ ಜಡೆ ಎಲ್ಲ ಹಾಕಿ ನೋಡಿದ್ದೇನೆ. ಒಂದೇ ಜಡೆ ಹಾಕಿದರೆ ಅದರ ಬುಡ ಕತ್ತಿನ ನಟ್ಟ ನಡುವೆ ಕೂರುತ್ತದೆ. ಹೆಲ್ಮೆಟ್ಟಿನ ಚಕ್ರವೂ ಕಾಲರಿನ ಮಡಿಕೆಯೂ ಇರುವುದು ಅಲ್ಲೇ. ತಲೆ ಎತ್ತಿದಾಗಲೆಲ್ಲ ಕಾಲರ್ ಜಡೆಯನ್ನು ಕೆಳಗಿನಿಂದ ಮೇಲಕ್ಕೆ ನೂಕುತ್ತದೆ, ಬುಡದ ಹೆಣಿಗೆ ಸಡಿಲವಾಗುತ್ತದೆ, ಅಲ್ಲಿಂದ ಸಿಕ್ಕು. ತುರುಬನ್ನಂತೂ ಕಟ್ಟಲೇಬೇಡಿ. ಹೆಲ್ಮೆಟ್ ತಲೆಗೆ ಸುತ್ತಲೂ ಒಂದೇ ಸಮ ಅಂಟಿ ಕೂರಬೇಕು. ಒಳಗೆ ತುರುಬಿದ್ದರೆ ಹೆಲ್ಮೆಟ್ ಮುಂದಕ್ಕೆ ವಾಲುತ್ತದೆ, ಬಿದ್ದಾಗ ಕಾಪಾಡಬೇಕಾದ ಜಾಗದಲ್ಲಿ ಇರುವುದಿಲ್ಲ. ಕ್ಲಿಪ್ಪು, ಹೇರ್‌ಪಿನ್ನು, ಹಲ್ಲಿನ ಕ್ಲಚ್ಚು ಯಾವುದೂ ಹೆಲ್ಮೆಟ್ಟಿನೊಳಗೆ ಬೇಡ. ಬಿದ್ದ ಪೆಟ್ಟಿಗೆ ಅವೇ ತಲೆಗೆ ಚುಚ್ಚುತ್ತವೆ.

ಎರಡು ಜಡೆಯ ಗುಣವೆಂದರೆ ಕತ್ತಿನ ನಡುಭಾಗ ಪೂರ್ತಿ ಖಾಲಿಯಾಗುತ್ತದೆ. ಬೈತಲೆಯನ್ನು ಹಣೆಯಿಂದ ಕತ್ತಿನ ಗುಳಿಯವರೆಗೂ ನೇರವಾಗಿ ತೆಗೆಯಿರಿ. ಹಿಂದೆ ಕಾಣಿಸುವುದಿಲ್ಲ ಅಂತ ಸೊಟ್ಟಗೆ ಬಿಟ್ಟರೆ ಬೈತಲೆ ದಾಟಿ ಹೋದ ಕೂದಲೇ ಮೊದಲು ಕಿತ್ತು ಬರುತ್ತದೆ. ನಾನು ಕನ್ನಡಿಗೆ ಬೆನ್ನು ಹಾಕಿ, ಕೈಯಲ್ಲಿ ಇನ್ನೊಂದು ಕನ್ನಡಿ ಹಿಡಿದು ನೋಡುತ್ತೇನೆ. ಮಗಳಿದ್ದರೆ ಅವಳ ಬೆರಳೇ ನನಗೆ ಗೆರೆ ಎಳೆಯುತ್ತದೆ.

ಜಡೆ ಶುರುವಾಗುವ ಜಾಗ ಕಿವಿಯ ಹಾಲೆಯ ಮಟ್ಟ, ಕಿವಿಯ ಹಿಂದೆ. ಅದಕ್ಕಿಂತ ಮೇಲಾದರೆ ಹೆಲ್ಮೆಟ್ಟಿನ ಕೆಳಗೆ ಗುಬುಟಾಗಿ ಒತ್ತಿ ಮಧ್ಯಾಹ್ನದ ಹೊತ್ತಿಗೆ ತಲೆನೋವು ಬರುತ್ತದೆ. ಹೆಣೆಯುವಾಗ ಮೊದಲ ಮೂರು ಹೆಣಿಗೆ ಬಿಗಿಯಾಗಿ, ತಲೆಗೆ ಒತ್ತಿಕೊಂಡು ಬರಲಿ. ಪ್ರತಿ ಹೆಣಿಗೆಗೂ ಕತ್ತಿನ ಕಡೆಯಿಂದ ಒಂದಷ್ಟು ಮರಿಗೂದಲನ್ನು ತೋರುಬೆರಳಲ್ಲಿ ಕೆರೆದು ತಂದು ಒಳಗಿನ ಕಾಲಿಗೆ ಸೇರಿಸಿಕೊಳ್ಳಿ. ಮದುವೆ ಮನೆಯಲ್ಲಿ ಹೂವಿನ ಜಡೆ ಹಾಕುವಾಗ ಪಕ್ಕದ ಕೂದಲನ್ನು ಸೇರಿಸಿಕೊಳ್ಳುತ್ತಾರಲ್ಲ, ಹಾಗೆ. ಈ ಮೂರು ಹೆಣಿಗೆಗೆ ನಾನು ಉಳಿದ ಜಡೆಯಷ್ಟೇ ಹೊತ್ತು ತೆಗೆದುಕೊಳ್ಳುತ್ತೇನೆ. ಮೆಟ್ಟಿಲು ಮೆಟ್ಟಿಲಾಗಿ ಕೂದಲು ಕತ್ತರಿಸಿಕೊಂಡವರು ಹೆಣಿಗೆಯನ್ನು ಇನ್ನೂ ಮೇಲಿನಿಂದ, ಕಿವಿಯ ತುದಿಯಿಂದಲೇ, ಹೀಗೆ ಸೇರಿಸುತ್ತಾ ಚಪ್ಪಟೆಯಾಗಿ ತರಬೇಕು. ಇಲ್ಲದಿದ್ದರೆ ಗಿಡ್ಡ ಕೂದಲೆಲ್ಲ ಹೊರಗೇ ಉಳಿಯುತ್ತದೆ.

ಕೆಳಗೆ ಬಂದಂತೆ ಸಾಧಾರಣ ಬಿಗಿ ಸಾಕು. ಬುಡ, ನಡು, ತುದಿ ಹೀಗೆ ಮೂರು ಕಡೆ ಬಟ್ಟೆ ಸುತ್ತಿದ ಬ್ಯಾಂಡ್ ಹಾಕಿ. ಬರೀ ರಬ್ಬರ್ ಬ್ಯಾಂಡ್ ಚಳಿಗೆ ಸೆಡೆತು ಕೂದಲನ್ನು ಕಿತ್ತುಕೊಂಡೇ ಬರುತ್ತದೆ. ಆಮೇಲೆ ಜಡೆಯನ್ನು ಮೇಲಕ್ಕೆ ಮಡಿಚಿ. ಶಾಲೆಯಲ್ಲಿ ಕಿವಿಯ ಪಕ್ಕಕ್ಕೆ ತಂದು ಕಟ್ಟುತ್ತಿದ್ದೆವು. ಇಲ್ಲಿ ಹಾಗೆ ಕಟ್ಟಿದರೆ ಹೆಲ್ಮೆಟ್ಟಿನ ಕಿವಿಯ ಮೆತ್ತೆಗೆ ತಾಗುತ್ತದೆ. ತುದಿಯನ್ನು ಎದೆಯ ಮೇಲ್ಭಾಗದವರೆಗೆ ಮಾತ್ರ ತಂದು, ಟೇಪಿನಿಂದಲೋ ಇನ್ನೊಂದು ಬ್ಯಾಂಡಿನಿಂದಲೋ ಕಟ್ಟಬೇಕು. ತುದಿ ಒಳಸೇರಿಕೊಂಡರೆ ಪ್ಯಾಂಟಿನ ಪಟ್ಟಿಯ ಬಕಲ್ಲಿಗೂ ಜಾಕೆಟ್ಟಿನ ಜಿಪ್ಪಿಗೂ ಸಿಗುವುದಿಲ್ಲ.

ಫೋನಿನಲ್ಲಿ ಮೊದಲ ಸಲ ಇದನ್ನು ತೋರಿಸಿದಾಗ ಅಮ್ಮ ಗುರುತು ಹಿಡಿದರು. "ಅಯ್ಯೋ, ಅದು ನಾನು ನಿಂಗೆ ಹಾಕ್ತಿದ್ದ ಜಡೆನೇ ಕಣೆ. ಟೇಪು ಬಿಗಿಯಾಗಿ ಕಟ್ಟು, ಬಿಚ್ಕೊಂಡು ಬರ್ತಿದ್ದೆ ದಿನಾ" ಅಂದರು. ಮುಂದಿನ ವಾರ ಅಂಚೆಯಲ್ಲಿ ಎರಡು ಗಜ ಕೆಂಪು ಟೇಪು ಕಳಿಸಿದರು. ಮಗಳು ಈಗ ಕಟ್ಟುವುದು ಅದನ್ನೇ.

ಉಡುವ ಕ್ರಮ

ಮೊದಲು ಕತ್ತುಪಟ್ಟಿ, ಆಮೇಲೆ ಜಡೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಹೆಣೆದು ಮುಗಿಸಿದ ಮೇಲೆ ತಲೆಯ ಮೇಲಿನಿಂದ ಕತ್ತುಪಟ್ಟಿ ಎಳೆದುಕೊಂಡರೆ ನೀವು ಜೋಪಾನವಾಗಿ ಸೇರಿಸಿದ ಮರಿಗೂದಲೆಲ್ಲ ಒಂದೇ ಎಳೆತಕ್ಕೆ ಹೊರಗೆ ಬರುತ್ತದೆ. ಹಾಗಾಗಿ ಒಳ ಅಂಗಿ, ಬೆಚ್ಚನೆಯ ಅಂಗಿ, ಕತ್ತುಪಟ್ಟಿ ಮೂರನ್ನೂ ಹಾಕಿಕೊಂಡೇ ತಲೆ ಬಾಚಲು ಕೂರುತ್ತೇನೆ. ಮೂಗಿಗೆ ಚಳಿಯಾದಾಗ ಪಟ್ಟಿಯ ಮುಂಭಾಗವನ್ನಷ್ಟೇ ಮೇಲೆತ್ತಬೇಕು, ಹಿಂಭಾಗ ಕೂದಲಿನ ಗೆರೆಯ ಕೆಳಗೇ ಇರಲಿ.

ಜಡೆಗಳು ಕತ್ತುಪಟ್ಟಿಯ ಹೊರಗೆ, ಬೆಚ್ಚನೆಯ ಅಂಗಿಯ ಮೇಲೆ, ಜಾಕೆಟ್ಟಿನ ಒಳಗೆ, ಎದೆಯ ಎರಡೂ ಪಕ್ಕ ಇಳಿದಿರಬೇಕು. ಮೈಗೆ ತಾಗುವ ಅಂಗಿಯೊಳಗೆ ಬಿಟ್ಟರೆ ಬೆವರಿಗೆ ತೊಯ್ದು ಹೋಗುತ್ತವೆ. ಜಾಕೆಟ್ಟಿನ ಜಿಪ್ ಎಳೆಯುವಾಗ ಇನ್ನೊಂದು ಕೈಯಿಂದ ಜಡೆಗಳನ್ನು ಪಕ್ಕಕ್ಕೆ ಒತ್ತಿ ಹಿಡಿಯಿರಿ. ಕಾಲರಿನಲ್ಲಿ ಅಂಟುಪಟ್ಟಿ ಇದ್ದರೆ, ಕಿತ್ತಾಗ ಪರ್‌ ಅಂತ ಸದ್ದು ಮಾಡುವ ಪಟ್ಟಿ, ಅದರ ಮೇಲೆ ಒಂದು ತುಂಡು ಬಟ್ಟೆ ಹೊಲಿದುಬಿಡಿ. ಅದರ ಸಣ್ಣ ಕೊಕ್ಕೆಗಳಿಗೆ ಕೂದಲೆಂದರೆ ಪ್ರೀತಿ.

ತಲೆಗೆ ರೇಷ್ಮೆಯ ತೆಳು ಟೋಪಿ. ಹೆಲ್ಮೆಟ್ಟಿನ ಒಳಬಟ್ಟೆಗೂ ಕೂದಲಿಗೂ ನಡುವೆ ನುಣ್ಣನೆಯದೊಂದು ಬೇಕು. ಮೊದಲು ಹಳೆಯ ಮೈಸೂರು ಸಿಲ್ಕ್ ಸೀರೆಯ ತುಂಡಿನಲ್ಲಿ ಹೊಲಿದೆ. ಅದು ಕ್ರೇಪ್, ಬಿಗಿಯಾಗಿ ಹುರಿ ಮಾಡಿದ ನೂಲಿನಿಂದ ನೇಯ್ದದ್ದು, ಹಾಗಾಗಿ ಕೈಗೆ ಮೆತ್ತಗಿದ್ದರೂ ಮೈಯಲ್ಲಿ ಸಣ್ಣ ತರಿ ಇರುತ್ತದೆ. ಅದು ಕೂದಲನ್ನು ಹಿಡಿಯಿತು. ಆಮೇಲೆ ಅಮ್ಮನ ಹಳೆಯ ಸಾದಾ ರೇಷ್ಮೆ ರವಿಕೆ ಬಿಚ್ಚಿ ಹೊಲಿದದ್ದು ಆರು ವರ್ಷದಿಂದ ಬಾಳಿಕೆ ಬಂದಿದೆ. ಹೊಲಿಗೆಯ ಗೆರೆ ಹೊರಕ್ಕೆ ಬರುವ ಹಾಗೆ ಇಡಬೇಕು. ಹಿಂದೆ ಮೂರು ಅಂಗುಲದ ಬಾಲ ಬಿಡಬೇಕು, ಅದು ಇಳಿದು ಕತ್ತಿನ ಗುಳಿ ಮುಚ್ಚಿ ಕಾಲರಿಗೂ ಕೂದಲಿಗೂ ಅಡ್ಡವಾಗುತ್ತದೆ. ಈ ಬಾಲ ಸೇರಿಸಿದ ದಿನದಿಂದ ನನ್ನ ಸಿಕ್ಕು ಅರ್ಧಕ್ಕರ್ಧ ಇಳಿಯಿತು. ಅಂಗಡಿಯ ಸ್ಯಾಟಿನ್ ಟೋಪಿಯೂ ಆದೀತು, ಆದರೆ ತೆಳ್ಳಗಿರಲಿ. ದಪ್ಪ ಟೋಪಿ ಹಾಕಿದರೆ ಹೆಲ್ಮೆಟ್ಟಿನ ಅಳತೆಯೇ ಬದಲಾಗುತ್ತದೆ. ಟೋಪಿ ಹಾಕಿಕೊಂಡೇ ಹೆಲ್ಮೆಟ್ ಅಳತೆ ನೋಡಿ ಕೊಳ್ಳುವುದು ಒಳ್ಳೆಯದು. ಕೆಲವು ಹೆಲ್ಮೆಟ್ಟಿನಲ್ಲಿ ಪೆಟ್ಟು ಬಿದ್ದಾಗ ಒಳಗೇ ಜಾರಲೆಂದು ತೂತು ತೂತಿನ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಒಳ್ಳೆಯ ಏರ್ಪಾಡೇ, ಆದರೆ ಟೋಪಿಯಿಲ್ಲದಿದ್ದರೆ ಕೂದಲು ಅದರ ಅಂಚಿಗೆ ಸಿಕ್ಕಿಕೊಳ್ಳುತ್ತದೆ.

ಹೆಲ್ಮೆಟ್ ಹಾಕುವಾಗ ಎರಡೂ ಪಕ್ಕದ ಪಟ್ಟಿ ಹಿಡಿದು ಅಗಲಿಸಿ, ಹಣೆಯ ಮೇಲೆ ಮೊದಲು ಕೂರಿಸಿ, ಆಮೇಲೆ ಹಿಂದಕ್ಕೆ ಇಳಿಸಿ. ಹಿಂದಿನ ಚಕ್ರ ತಿರುಗಿಸುವ ಮೊದಲು ಒಂದು ಬೆರಳು ಅದರ ಕೆಳಗೆ ಹಾಯಿಸಿ ಕೂದಲಿಲ್ಲ ಅಂತ ನೋಡಿಕೊಳ್ಳಿ. ಗದ್ದದ ಬಕಲ್ ಹಾಕುವಾಗಲೂ ಹಾಗೇ. ಗಾಗಲ್ಲಿನ ಪಟ್ಟಿ ಹೆಲ್ಮೆಟ್ಟಿನ ಮೇಲಿರಲಿ, ಕೆಳಗೆ ಬೇಡ.

ಲಿಫ್ಟಿನಲ್ಲಿ

ಇಲ್ಲಿಯವರೆಗೆ ಹೇಳಿದ್ದು ಕೂದಲಿನ ಕಾಳಜಿ. ಇದು ಜೀವದ ಕಾಳಜಿ. ಮಗಳಿಗೆ ಆರು ವರ್ಷವಿದ್ದಾಗ ಅವಸರದಲ್ಲಿ ಅವಳಿಗೆ ಒಂದೇ ಜಡೆ ಹಾಕಿ, ಜಾಕೆಟ್ಟಿನ ಹೊರಗೇ ಬಿಟ್ಟಿದ್ದೆ. ತಂತಿಗೆ ತೂಗುವ ಕುರ್ಚಿಯಲ್ಲಿ ಕೂರಿಸಿ ಬೆಟ್ಟದ ಮೇಲಕ್ಕೆ ಒಯ್ಯುವ ಕುರ್ಚಿ ಲಿಫ್ಟಿನ ಬೆನ್ನಾಸರೆಯಲ್ಲಿ ಅಡ್ಡಪಟ್ಟಿಗಳಿದ್ದವು. ಮೇಲೆ ಇಳಿಯುವ ಜಾಗ ಬರುತ್ತಿದ್ದ ಹಾಗೆ ಅವಳು ಮುಂದಕ್ಕೆ ಬಗ್ಗಿದಳು, ತಲೆ ಹಿಂದಕ್ಕೆ ಜಗ್ಗಿತು. ಜಡೆಯ ತುದಿಯ ಬ್ಯಾಂಡ್ ಎರಡು ಪಟ್ಟಿಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ನಾನು ಕೈಗವಸು ಕಿತ್ತೆಸೆದು ಬ್ಯಾಂಡನ್ನು ಎಳೆದು ಹರಿದೆ. ಲಿಫ್ಟಿನವನೂ ನೋಡಿ ತಕ್ಷಣ ನಿಲ್ಲಿಸಿದ. ಅವಳಿಗೆ ಏನೂ ಆಗಲಿಲ್ಲ. ಹತ್ತು ಸೆಕೆಂಡು ತಡವಾಗಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ನಾನು ಈಗಲೂ ಯೋಚಿಸಲಾರೆ.

ಆದ್ದರಿಂದ ಸಾಲಿನಲ್ಲಿ ನಿಂತಾಗಲೇ ಕೈಯಿಂದ ಮುಟ್ಟಿ ನೋಡಿ: ಕೂದಲು, ಟೇಪಿನ ತುದಿ, ಕತ್ತುಪಟ್ಟಿ, ಬ್ಯಾಗಿನ ಪಟ್ಟಿ ಯಾವುದೂ ಹೊರಗೆ ಜೋತಾಡಬಾರದು. ಹೊಸಬರು ಕಲಿಯುವ ಇಳಿಜಾರಿನಲ್ಲಿ ಕೆಲವೆಡೆ ಹಗ್ಗ ಹಿಡಿದು ಮೇಲೆ ಹೋಗುವ ಲಿಫ್ಟು, ನೆಲದ ಮೇಲೆ ಸಾಗುವ ಚಾಪೆಯಂಥ ಲಿಫ್ಟು ಇರುತ್ತವೆ. ಓಡುವ ಹಗ್ಗಕ್ಕೆ ಸಡಿಲ ಕೂದಲು ಸುತ್ತಿಕೊಳ್ಳಬಲ್ಲದು. ಚಾಪೆಯ ಮೇಲೆ ಬಿದ್ದರೆ ಕೊನೆಯಲ್ಲಿ ಅದು ಒಳಗೆ ಹೋಗುವ ಸಂದಿಯಿದೆ. ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮರೆಯಬೇಡಿ.

ಹಿಮದ ಮೇಲೆ

ಬಿದ್ದಾಗ ಕಾಲರಿನೊಳಗೆ ಹಿಮ ಹೋಗುತ್ತದೆ. ಅದು ಕರಗುವ ಮೊದಲೇ ಕೊಡವಿಬಿಡಿ, ತಿಕ್ಕಬೇಡಿ. ಚಳಿ ಹೆಚ್ಚಿದ್ದ ದಿನ ಉಸಿರಿನ ಆವಿ ಕೆನ್ನೆಯ ಪಕ್ಕದ ಕೂದಲಿಗೆ ಹಿಡಿದು ಬೆಳ್ಳಗೆ ಮಂಜುಗಟ್ಟುತ್ತದೆ. ನೋಡಲು ಚೆಂದ. ಹೆಪ್ಪುಗಟ್ಟಿದ ಕೂದಲನ್ನು ಬಗ್ಗಿಸಬೇಡಿ, ಮುಟ್ಟದೆ ಒಳಗೆ ಹೋಗಿ ಕೂತರೆ ತಾನಾಗಿ ಕರಗುತ್ತದೆ. ಊಟಕ್ಕೆ ಕೂತಾಗ ನಾನು ಹೆಲ್ಮೆಟ್ ತೆಗೆಯುತ್ತೇನೆ, ಟೋಪಿ ತೆಗೆಯುವುದಿಲ್ಲ. ಬುತ್ತಿಯಲ್ಲಿ ಚಪಾತಿ ಸುರುಳಿ ಇರುತ್ತದೆ, ಒಂದು ಕೈ ಸಾಕು, ಇನ್ನೊಂದು ಕೈಯಿಂದ ಮಗಳ ಬ್ಯಾಂಡ್ ಸರಿಮಾಡಬಹುದು. ಬ್ಯಾಂಡ್ ಮಾತ್ರ. ಮಧ್ಯಾಹ್ನ ಜಡೆ ಬಿಚ್ಚಿ ಮತ್ತೆ ಹೆಣೆಯುವ ಆಸೆಗೆ ಬೀಳಬೇಡಿ, ಒಣಹವೆಯಲ್ಲಿ ಬಿಚ್ಚಿದ ಕೂದಲು ಎದ್ದು ಹಾರಿ ಕೈಗೇ ಸಿಗುವುದಿಲ್ಲ.

ಟಿವಿಯಲ್ಲಿ ಸ್ಪರ್ಧಿಗಳ ಕೂದಲು ಹೆಲ್ಮೆಟ್ಟಿನ ಹಿಂದೆ ಹಾರುವುದನ್ನು ನೋಡಿ ಮಗಳೂ ಹಾಗೇ ಬಿಡು ಅಂತ ಕೇಳುತ್ತಾಳೆ. ಅವರ ಓಟ ಒಂದೆರಡು ನಿಮಿಷದ್ದು. ನಾವು ಇರುವುದು ಆರು ಗಂಟೆ.

ಊರಿನ ಕಡೆಯಿಂದ ಕಾಶ್ಮೀರದ ಗುಲ್ಮಾರ್ಗ್‌ಗೋ ಉತ್ತರಾಖಂಡದ ಔಲಿಗೋ ಸ್ಕೀ ಮಾಡಲು ಹೋಗುವವರಿಗೂ ಇದೆಲ್ಲ ಹೀಗೇ. ಕೊಡಗಿನ ಭವಾನಿ ಟಿ.ಎನ್. ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಪದಕ ಗೆದ್ದ ಮೇಲೆ ನನ್ನ ಅಣ್ಣನ ಮಗಳೂ ಕಲಿಯಬೇಕು ಅನ್ನುತ್ತಿದ್ದಾಳೆ. ಅವಳಿಗೆ ಹೇಳಿದ್ದು ಇಷ್ಟು: ಬಾಡಿಗೆ ಹೆಲ್ಮೆಟ್ಟಿನ ಒಳಬಟ್ಟೆ ಸವೆದು ಒರಟಾಗಿರುತ್ತದೆ, ಎಷ್ಟೋ ತಲೆ ಕಂಡಿರುತ್ತದೆ. ಟೋಪಿ ಎರಡು ಹೊಲಿಸಿಕೋ.

ಸಂಜೆ ಬಿಚ್ಚುವುದು

ಕಾರಿನಲ್ಲಿ ಬಿಚ್ಚಬೇಡಿ. ಹೀಟರಿನ ಒಣಗಾಳಿ, ತಲೆ ಒರಗುವ ಒರಟು ಬಟ್ಟೆ, ಒದ್ದೆ ಕೂದಲು, ಮೂರೂ ಸೇರಿದರೆ ದಿನವಿಡೀ ಕಾಯ್ದದ್ದು ದಾರಿಯಲ್ಲಿ ಹಾಳಾಗುತ್ತದೆ. ಬೆಟ್ಟದಿಂದ ಇಳಿಯುವ ಹೆದ್ದಾರಿಯಲ್ಲಿ ವಾರಾಂತ್ಯದ ಸಂಜೆ ಮೂರು ಗಂಟೆ ಹಿಡಿದದ್ದೂ ಇದೆ. ಟೋಪಿ ಹಾಗೇ ಇರಲಿ.

ಮನೆಗೆ ಬಂದು, ಕಾಫಿ ಕುಡಿದು, ಮೈ ಬೆಚ್ಚಗಾದ ಮೇಲೆ ಕೂರುತ್ತೇನೆ. ಮಗಳು ನನ್ನ ಕಾಲ ಮುಂದೆ ಚಾಪೆಯ ಮೇಲೆ. ಒದ್ದೆ ಕೂದಲು ಒಣಗಿದ್ದಕ್ಕಿಂತ ಬೇಗ ಎಳೆಯುತ್ತದೆ, ಬೇಗ ತುಂಡಾಗುತ್ತದೆ, ಹಾಗಾಗಿ ಜಡೆ ಒದ್ದೆಯಿದ್ದರೆ ಮೊದಲು ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿ ಪಸೆ ತೆಗೆಯುತ್ತೇನೆ. ಬಿಚ್ಚುವುದು ತುದಿಯಿಂದ, ಒಂದೊಂದೇ ಹೆಣಿಗೆ. ಕತ್ತಿನ ಹತ್ತಿರ ಬಂದಾಗ ಬೆರಳ ತುದಿಗೆ ಎರಡು ಹನಿ ಎಣ್ಣೆ. ಬಾಚಣಿಗೆ ಈಗಲೇ ಬೇಡ, ಮೊದಲು ಬೆರಳು.

ಅಜ್ಜಿ ನನಗೆ ತಲೆ ಬಾಚುವಾಗ ಸಿಕ್ಕಿನ ಮೇಲ್ಗಡೆ ಕೂದಲನ್ನು ಎಡಗೈ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಎಷ್ಟು ಎಳೆದರೂ ಬುಡಕ್ಕೆ ನೋವು ತಾಗುತ್ತಿರಲಿಲ್ಲ. ಹಣಿಗೆ ಹಾಕುತ್ತಿದ್ದದ್ದು ತುದಿಯಿಂದ ನಾಲ್ಕು ಬೆರಳು ಮೇಲೆ. ಅಷ್ಟು ಬಿಟ್ಟ ಮೇಲೆ ಇನ್ನು ನಾಲ್ಕು ಬೆರಳು ಮೇಲೆ. "ಬುಡದಿಂದ ಎಳದ್ರೆ ಸಿಕ್ಕೆಲ್ಲಾ ಕೆಳಗೆ ಹೋಗಿ ಒಂದೇ ಕಡೆ ಗಂಟು ಬೀಳ್ತದೆ ಮಗಾ" ಅನ್ನುತ್ತಿದ್ದಳು. ನಾನೂ ಹಾಗೇ ಮಾಡುತ್ತೇನೆ.

ಆದರೂ ಗಂಟು ಆಗಿದ್ದರೆ, ಅದನ್ನು ಕೆಳಕ್ಕೆ ಎಳೆಯಬೇಡಿ. ದೀಪದ ಹತ್ತಿರ ಹಿಡಿದು ನೋಡಿ. ಗಂಟು ದೂರದಿಂದ ಮುದ್ದೆಯ ಹಾಗೆ ಕಾಣುತ್ತದೆ, ಹತ್ತಿರದಿಂದ ಅದರಲ್ಲಿ ನಾಲ್ಕೈದು ಕುಣಿಕೆಗಳಿರುತ್ತವೆ, ಉಳಿದದ್ದೆಲ್ಲ ಅವುಗಳಿಗೆ ಸಿಕ್ಕಿಕೊಂಡ ಕೂದಲು. ಎಣ್ಣೆ ಸವರಿ ಐದು ನಿಮಿಷ ಬಿಡಿ. ಆಮೇಲೆ ಹಣಿಗೆಯ ಅಂಚಿನ ಒಂದೇ ಹಲ್ಲನ್ನು ಗಂಟಿನ ಹೊರಬದಿಯ ಕುಣಿಕೆಯೊಳಗೆ ತೂರಿಸಿ, ಅಡ್ಡಕ್ಕೆ ಸರಿಸಿ. ಒಂದು ಕೂದಲು ಹೊರಗೆ ಜಾರಿ ಬರುತ್ತದೆ. ಅದನ್ನು ಪಕ್ಕಕ್ಕೆ ಇಟ್ಟು ಇನ್ನೊಂದು. ಮೊದಲ ಹತ್ತಕ್ಕೆ ತಾಳ್ಮೆ ಬೇಕು, ಆಮೇಲೆ ಗಂಟು ತಾನೇ ಸಡಿಲ ಬಿಡುತ್ತದೆ. ಒಳಗೆ ಉದುರಿದ ಕೂದಲೂ ಸುರುಳಿ ಸುತ್ತಿರುತ್ತದೆ, ಅದನ್ನು ಕಂಡು ಕೂದಲೆಲ್ಲ ಕಿತ್ತು ಬಂತು ಅಂತ ಗಾಬರಿ ಬೇಡ. ದಿನಾ ಉದುರುವ ಕೂದಲು ಅದು, ಜಡೆಯೊಳಗೆ ಉಳಿದುಕೊಂಡಿದೆ ಅಷ್ಟೇ. ಈಗ ನನ್ನ ತಲೆಗೆ ಹನ್ನೆರಡು ನಿಮಿಷ, ಮಗಳದ್ದಕ್ಕೆ ಎಂಟು.

ಅವತ್ತು ರಾತ್ರಿಯೇ ತಲೆಗೆ ನೀರು ಹಾಕುವುದಿಲ್ಲ. ಭಾನುವಾರ ಬೆಳಿಗ್ಗೆ, ಸಿಕ್ಕೆಲ್ಲ ಬಿಟ್ಟ ಕೂದಲಿಗೆ. ದಕ್ಷಿಣದ ಕಿಟಕಿಯ ಹತ್ತಿರ ಕುಂಡದಲ್ಲಿ ದಾಸವಾಳ ಇಟ್ಟಿದ್ದೇನೆ, ಚಳಿಗಾಲದಲ್ಲಿ ಹೂ ಕಡಿಮೆ, ಎಲೆಗೆ ಬರವಿಲ್ಲ. ಎಂಟು ಹತ್ತು ಎಲೆಯನ್ನು ನೀರಿನಲ್ಲಿ ಕಿವುಚಿ, ಸೋಸಿದ ಲೋಳೆಯನ್ನು ಕೂದಲ ಉದ್ದಕ್ಕೂ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದರೆ ಕೂದಲು ಬೆರಳಿನಿಂದ ಜಾರುತ್ತದೆ. ಎಲೆ ಸಿಗದವರಿಗೆ ಅಂಗಡಿಯ ಕಂಡೀಷನರ್ ಆದೀತು, ಅದನ್ನು ಕತ್ತಿನ ಮರಿಗೂದಲಿಗೂ ಮರೆಯದೆ ಹಚ್ಚಿ.

ರೇಷ್ಮೆ ಟೋಪಿಯನ್ನು ಅಂಟುವಾಳ ನೆನೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡದೆ, ನೆರಳಲ್ಲಿ ಹರವಬೇಕು. ಒಣಗಿದ ಮೇಲೆ ಮಡಿಚಿ ಹೆಲ್ಮೆಟ್ಟಿನೊಳಗೇ ಇಟ್ಟುಬಿಡುತ್ತೇನೆ, ಕೆಂಪು ಟೇಪಿನ ಜೊತೆ.